ಅಶ್ವತ್ಥಕಟ್ಟೆಯ ಮುತ್ತೈದೆ

ಮುನಿವೆಂಕಟಮ್ಮ ಸೆರಗಿನ ಗಂಟು ಬಿಚ್ಚಿ ಹಸಿರು ಗಾಜಿನ ಬಳೆಗಳನ್ನು ಹೊರತೆಗೆದು, ಚಾಪೆಯ ಮೇಲೆ ಮಲಗಿಸಿದ್ದ ಕಮಲಾದೇವಿಯ ಕೈ ಹಿಡಿಯಲು ಬಗ್ಗಿದಾಗ ವಿಮಲಾ ತಡೆದಳು.

"ಬಳೆ ಬೇಡಮ್ಮ. ಅವರಿಗೆ ಹಾಕೋ ಹಾಗಿಲ್ಲ."

ಜೋರಾಗಿ ಹೇಳಿದ್ದೇನಲ್ಲ. ಆದರೆ ಜಯನಗರ ನಾಲ್ಕನೇ ಟಿ ಬ್ಲಾಕಿನ ಆ ಮನೆಯ ಹಾಲ್ ಚಿಕ್ಕದು. ಗೋಡೆಗೆ ಒರಗಿ ಕೂತಿದ್ದವರೆಲ್ಲ ಮಾತು ನಿಲ್ಲಿಸಿ ಇತ್ತ ನೋಡಿದರು. ಕಮಲಾದೇವಿ ಮೂವತ್ತು ವರ್ಷ ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಮದುವೆಯಿಲ್ಲದೆ ತಮ್ಮ ಚಕ್ರಪಾಣಿಯ ಮನೆಯಲ್ಲೇ ಇದ್ದು ಮುದುಕಿಯಾದವಳು. ಬೆಳಿಗ್ಗೆ ಕಾಫಿಗೆ ಏಳಲಿಲ್ಲ. ಚಕ್ರಪಾಣಿಯ ಹೆಂಡತಿ ವಿಮಲಾ ಹೋಗಿ ಎಬ್ಬಿಸಿದಾಗ ಕೈ ತಣ್ಣಗಿತ್ತು. ಬೇರೆ ಯಾರನ್ನೂ ಒಳಗೆ ಬಿಡದೆ ವಿಮಲಾ ತಾನೊಬ್ಬಳೇ ಸ್ನಾನ ಮಾಡಿಸಿ, ಹಸಿರಂಚಿನ ಹಳದಿ ಸೀರೆ ಉಡಿಸಿ, ಸೆರಗನ್ನು ಕತ್ತಿನ ತನಕ ಎಳೆದು ಹೊದಿಸಿದ್ದಳು.

ಮುನಿವೆಂಕಟಮ್ಮ ಯಡಿಯೂರಿನವಳು. ಅಲ್ಲಿ ಹಳೇ ಊರಿನ ಅಶ್ವತ್ಥಕಟ್ಟೆಯ ಎದುರಿಗೇ ಅವಳ ಮನೆ. ಒಂದು ಕಾಲಕ್ಕೆ ಹೊಲಮನೆಯಾಗಿದ್ದದ್ದು ಈಗ ಮೂರು ಮಹಡಿಯಾಗಿ ಬಾಡಿಗೆಗೆ ಹೋಗಿದೆ. ಸುದ್ದಿ ಕೇಳಿದ್ದೇ ಆಟೋ ಹಿಡಿದು ಬಂದಿದ್ದಳು.

"ಯಾಕ್ ಹಾಕೋ ಹಾಗಿಲ್ಲ ಅಮ್ಮಾವ್ರೆ? ಇವ್ರು ಮುತ್ತೈದೆ ಅಲ್ವಾ?"

"ಮದುವೆನೇ ಆಗಲಿಲ್ವಲ್ಲಮ್ಮ ಕಮಲಕ್ಕಂಗೆ."

"ಆಗೈತೆ. ಯಜಮಾನ್ರು ನಮ್ಮನೆ ಮುಂದೆ ನಿಂತವ್ರೆ. ಈಗ ಬರ್ತಾನೂ ನೋಡ್ಕೊಂಡೇ ಬಂದೆ."

ಯಾರೋ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಮುನಿವೆಂಕಟಮ್ಮ ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು ಹೆಣದ ಪಕ್ಕದಲ್ಲೇ ಕೂತಳು. ಏಳುವ ಹಾಗೆ ಕಾಣಲಿಲ್ಲ.

*

ಕಮಲಾದೇವಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ಸೋಮನಾಥ್ ಎಂಬ ಹುಡುಗನ ಜೊತೆ ನಿಶ್ಚಿತಾರ್ಥವಾಗಿತ್ತು. ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರ್. ಲಗ್ನಕ್ಕೆ ಇನ್ನೂ ಕೆಲವು ತಿಂಗಳಿದ್ದವು. ಪ್ರತಿ ಭಾನುವಾರ ಸೈಕಲ್ ಹತ್ತಿ ಬರುತ್ತಿದ್ದ. ಅಪ್ಪ ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದರೆ ಇವರಿಬ್ಬರೂ ಜಗಲಿಯ ಮೇಲೆ ಕೂತಿರುತ್ತಿದ್ದರು. ಕಾಫಿ ಮುಗಿದು ಎಷ್ಟು ಹೊತ್ತಾದರೂ ಅವನು ಲೋಟ ಕೆಳಗಿಡುತ್ತಿರಲಿಲ್ಲ. ಇಟ್ಟರೆ ಎದ್ದು ಹೋಗಬೇಕಾಗುತ್ತಿತ್ತು. ಖಾಲಿ ಲೋಟವನ್ನು ತುಟಿಗೆ ಹಚ್ಚುತ್ತಿದ್ದುದನ್ನು ಕಂಡು ಅವಳಿಗೆ ನಗು ಬರುತ್ತಿತ್ತು. ಅವನು ಹೋದ ಮೇಲೆ ಆ ಲೋಟವನ್ನು ತಾನೇ ತೊಳೆಯುತ್ತಿದ್ದಳು.

ಜಾತಕದಲ್ಲಿ ಅವಳಿಗೆ ಕುಜದೋಷವಿತ್ತು. ಮೊದಲು ಅಶ್ವತ್ಥಮರದ ಜೊತೆ ಮದುವೆ ಮಾಡಿಸಿದರೆ ಕೆಡುಕೆಲ್ಲ ಮರಕ್ಕೆ ಹೋಗುತ್ತದೆ, ಆಮೇಲೆ ಹುಡುಗನಿಗೆ ಭಯವಿಲ್ಲ ಎಂದರು ಪುರೋಹಿತರು. ಸೋಮನಾಥನ ಮನೆಯವರೂ ಒಪ್ಪಿದರು. ಲಗ್ನದ ಹಿಂದಿನ ದಿನ ಬೆಳಗಾಗುತ್ತಲೇ ಅಪ್ಪ, ಅಮ್ಮ, ಪುರೋಹಿತರು, ತಟ್ಟೆ ಹಿಡಿದ ತಮ್ಮ ಚಕ್ರಪಾಣಿ ಎಲ್ಲರೂ ಅವಳನ್ನು ಕರೆದುಕೊಂಡು ಯಡಿಯೂರಿನ ಕಟ್ಟೆಗೆ ನಡೆದುಹೋದರು. ಆಗ ಅದರ ಸುತ್ತ ಹೊಲಗಳಿದ್ದವು.

ಪುರೋಹಿತರು ಮರದ ಕಾಂಡಕ್ಕೆ ಪಂಚೆ ಸುತ್ತಿಸಿ, ಜನಿವಾರ ಹಾಕಿಸಿ, ಗಂಧ ಹಚ್ಚಿಸಿದರು. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕಾಂಡಕ್ಕೆ ಮುಟ್ಟಿಸಿ, ಮಗಳ ಕುತ್ತಿಗೆಗೆ ಕಟ್ಟುವಂತೆ ಅಮ್ಮನ ಕೈಗೆ ಕೊಟ್ಟರು. ಅಮ್ಮ ಎರಡು ಸಲ ಕಟ್ಟಿದರೂ ಗಂಟು ನಿಲ್ಲಲಿಲ್ಲ. ಎದುರು ಮನೆಗೆ ಆಗಷ್ಟೇ ಸೊಸೆಯಾಗಿ ಬಂದಿದ್ದ ಮುನಿವೆಂಕಟಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಇಳಿದು ಬಂದು, ಕೊಡ್ರವ್ವ ಎಂದು ತಾನೇ ಕಟ್ಟಿದಳು. ಕಟ್ಟುತ್ತ ಮದುಮಗಳ ಕಿವಿಯಲ್ಲಿ, "ಹುಡ್ಗ ಒಳ್ಳೆ ಎತ್ರ ಅವ್ನೆ ಕಣಕ್ಕ" ಎಂದಳು. ಕಮಲಾದೇವಿ ತುಟಿ ಕಚ್ಚಿ ನಗು ತಡೆದುಕೊಂಡಳು.

ಮರುದಿನ ಮಂಗಳಸ್ನಾನಕ್ಕೆ ಮೊದಲು ಇಲ್ಲಿಗೇ ಬಂದು ದಾರ ಬಿಚ್ಚಿ ಮರದ ಬುಡಕ್ಕೆ ಹಾಕಬೇಕು, ಅಲ್ಲಿಗೆ ಈ ಸಂಬಂಧ ಮುಗಿಯಿತು ಎಂದು ಪುರೋಹಿತರು ಹೇಳಿದರು.

ಸಂಜೆ ಬಸವನಗುಡಿಯ ಛತ್ರದಲ್ಲಿ ವರಪೂಜೆ. ಗಂಡಿನ ಕಡೆಯವರು ಬಂದಿಳಿದು ಮುಖ ತೊಳೆಯುತ್ತಿದ್ದಾಗ ಸೋಮನಾಥನ ತಾಯಿ ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಮಲಾದೇವಿಯ ಅಪ್ಪ ಅಲ್ಲಿಗೆ ಹೋದಾಗ ಸೋಮನಾಥನ ತಂದೆ ಬೈಯಲಿಲ್ಲ, ಕೂಗಾಡಲಿಲ್ಲ. ಕೈ ಮುಗಿದು, ನಮ್ಮನ್ನು ಬಿಟ್ಟುಬಿಡಿ ಎಂದರು. ಅವರ ಹಿಂದೆ ನಿಂತಿದ್ದ ಸೋಮನಾಥ್ ತಲೆಯೆತ್ತಲಿಲ್ಲ.

ಆ ಗಲಿಬಿಲಿಯಲ್ಲಿ ಮರುದಿನ ಬೆಳಿಗ್ಗೆ ಕಟ್ಟೆಗೆ ಹೋಗಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ನೆನಪಾದ ಮೇಲೂ ಬಹಳ ದಿನ ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

*

ಪುರೋಹಿತ ವಸಿಷ್ಠನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ದರ್ಭೆಯ ಕಟ್ಟು ಬಿಚ್ಚುತ್ತ, ಗೋತ್ರ ಹೇಳಿ ಸಾರ್ ಎಂದ. ಅಕ್ಕನ ಕ್ರಿಯೆಗೆ ಕೂತಿದ್ದ ಚಕ್ರಪಾಣಿ ತಮ್ಮದೇ ಗೋತ್ರ, ಭಾರದ್ವಾಜ ಎಂದ.

"ತಂದೆ ಗೋತ್ರನಾ? ಹಾಗಾದ್ರೆ ಮದುವೆ ಆಗಿರಲಿಲ್ಲ."

"ಆಗಿತ್ತಯ್ಯ. ಗೋತ್ರ ಹೇಳಾಕೆ ಗಂಡಂಗೆ ಬಾಯಿಲ್ಲ ಅಷ್ಟೇ" ಎಂದಳು ಮುನಿವೆಂಕಟಮ್ಮ ಕೂತಲ್ಲಿಂದಲೇ.

ವಸಿಷ್ಠ ಏನೆಂದು ವಿಚಾರಿಸಿದ. ಚಕ್ರಪಾಣಿ ಸಂಕೋಚದಿಂದಲೇ ಹೇಳಿದ. ವಸಿಷ್ಠ ಪೂರ್ತಿ ಕೇಳಿಸಿಕೊಂಡು, ಅಶ್ವತ್ಥವಿವಾಹ ದೋಷಪರಿಹಾರಕ್ಕೆ ಮಾಡುವುದು, ಅದನ್ನು ಮದುವೆ ಎಂದು ಹಿಡಿಯುವುದಿಲ್ಲ, ಆ ದಾರ ಬಿಚ್ಚಿದ ಕೂಡಲೇ ಹುಡುಗಿ ಮತ್ತೆ ಕನ್ಯೆಯೇ ಎಂದ.

"ಬಿಚ್ಚಿದ್ಮೇಲೆ ತಾನೆ?" ಎಂದಳು ಮುನಿವೆಂಕಟಮ್ಮ. "ಕಟ್ಟಿದ್ದು ನಾನು. ಬಿಚ್ಚು ಅಂತ ನನ್ನ ಕರೆದೋರು ಯಾರೂ ಇಲ್ಲ."

ನೆಂಟರಲ್ಲಿ ಗುಸುಗುಸು ಎದ್ದಿತು. ಹಿರಿಯರೊಬ್ಬರು, ಹೊತ್ತಾಗುತ್ತದೆ, ಚಿತಾಗಾರದಲ್ಲಿ ಹೇಳಿದ ಸಮಯ ತಪ್ಪಬಾರದು ಎಂದರು. ಕಲಿಯದ ಹೆಂಗಸು ಏನೋ ಹೇಳುತ್ತಾಳೆ ಎಂದು ಇನ್ನೊಬ್ಬರು ಹೇಳಿದ್ದು ಮುನಿವೆಂಕಟಮ್ಮನಿಗೂ ಕೇಳಿಸಿತು. ಚಕ್ರಪಾಣಿ ಹೆಂಡತಿಯ ಮುಖ ನೋಡಿದ. ವಿಮಲಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹೆಣದ ಕತ್ತಿನ ಬಳಿ ಸರಿದಿದ್ದ ಸೆರಗನ್ನು ಮತ್ತೆ ಮೇಲೆಳೆಯುತ್ತಿದ್ದಳು.

*

ಚಕ್ರಪಾಣಿಯ ಮಗಳು ಧೃತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಎದುರಿನ ಗೋಡೆಯ ತುಂಬ ಅತ್ತೆ ಗಾಜು ಹಾಕಿಸಿಟ್ಟ ಒಣಗಿದ ಎಲೆಗಳು. ದೇಶ ಸುತ್ತುವ ಹಳೆಯ ವಿದ್ಯಾರ್ಥಿಗಳು ತಂದುಕೊಟ್ಟಿದ್ದವು: ಜೆರುಸಲೇಮಿನ ಆಲಿವ್, ಜಪಾನಿನ ಯಾವುದೋ ಗುಡಿಯ ಅಂಗಳದ ಬೀಸಣಿಗೆಯಂಥ ಎಲೆ, ಅನುರಾಧಪುರದ ಬೋಧಿ.

ಧೃತಿ ಚಿಕ್ಕವಳಿದ್ದಾಗ ಗೌರಿಹಬ್ಬದ ದಿನ ಅಕ್ಕಪಕ್ಕದ ಮನೆಯವರು ಬಾಗಿನ ಹಿಡಿದು ಬರುತ್ತಿದ್ದರು. ಹಾಲ್‌ನಲ್ಲಿ ಎಲ್ಲ ಹೆಂಗಸರಿಗೂ ಅರಿಶಿನ ಕುಂಕುಮ. ಅತ್ತೆ ಆ ಹೊತ್ತಿಗೆ ಸರಿಯಾಗಿ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು. ಕುಂಕುಮದ ಬಟ್ಟಲು ತನ್ನ ಮುಂದೆ ಬಂದು, ಒಂದು ಕ್ಷಣ ತಡೆದು, ಪಕ್ಕದವಳ ಕಡೆ ತಿರುಗಿದ್ದನ್ನು ಅವಳು ಒಮ್ಮೆ ನೋಡಿದ್ದಳಂತೆ. ಎರಡನೇ ಸಲ ನೋಡಲು ಅಲ್ಲಿ ಇರಲಿಲ್ಲ.

ಹೋಗುತ್ತಿದ್ದುದು ಯಡಿಯೂರಿಗೆ. ಹಾಗೊಂದು ದಿನ ಧೃತಿಯೂ ಹಟ ಮಾಡಿ ಜೊತೆಗೆ ಹೋದಳು. ಕಟ್ಟೆಯ ಮೇಲೆ ಅತ್ತೆ ಕೂತ ಕೂಡಲೇ ಎದುರು ಮನೆಯಿಂದ ಮುನಿವೆಂಕಟಮ್ಮ ತಟ್ಟೆ ಹಿಡಿದು ಬಂದು, ಕೆನ್ನೆಗೆ ಅರಿಶಿನ ಹಚ್ಚಿ, ಹಣೆಗೆ ಕುಂಕುಮವಿಟ್ಟು, ಮಲ್ಲಿಗೆ ಮುಡಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ಮರದ ಕಡೆ ತೋರಿಸಿ ನಿಮ್ ಯಜಮಾನ್ರು ಚೆನ್ನಾಗಿರ್ಲಿ ಎಂದು ಒಳಗೆ ಹೋದಳು. ಅತ್ತೆ ಮಲ್ಲಿಗೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು. ಮನೆಗೆ ಹಿಂದಿರುಗುವ ಮೊದಲು ಪ್ರತಿ ಸಲವೂ ಅದನ್ನು ತೆಗೆದು ಮರದ ಬುಡದಲ್ಲಿಡುತ್ತಾಳೆಂದು ಧೃತಿಗೆ ಆಮೇಲೆ ತಿಳಿಯಿತು.

"ಅತ್ತೆ, ಇದು ನಿಜವಾಗ್ಲೂ ನಿಮ್ಮ ಗಂಡನಾ?"

ಅತ್ತೆ ನಕ್ಕಳು. ಲೋಕದಲ್ಲಿ ಯಾರು ಯಾರು ಮರದ ಜೊತೆ ಏನೇನು ಸಂಬಂಧ ಇಟ್ಟುಕೊಂಡಿದ್ದಾರೆಂದು ಕತೆಯ ಹಾಗೆ ಹೇಳತೊಡಗಿದಳು. ಜಪಾನಿನಲ್ಲಿ ಹಳೆಯ ಮರಗಳ ಸೊಂಟಕ್ಕೆ ಹುಲ್ಲಿನ ಹಗ್ಗ ಸುತ್ತುತ್ತಾರೆ, ಒಳಗೆ ದೇವರಿದ್ದಾನೆಂದು. ಐರ್ಲೆಂಡಿನಲ್ಲಿ ಕಾಯಿಲೆಯವರ ಬಟ್ಟೆಯ ಚೂರನ್ನು ಮುಳ್ಳುಮರಕ್ಕೆ ಕಟ್ಟಿ ಬರುತ್ತಾರೆ, ಚೂರು ಕೊಳೆತ ಹಾಗೆ ಕಾಯಿಲೆಯೂ ಕರಗುತ್ತದೆಂದು. ಬಡಗಣ ಸಮುದ್ರದ ಜನ ಇಡೀ ಜಗತ್ತೇ ಒಂದು ಮರದ ಕೊಂಬೆಗಳಲ್ಲಿ ನಿಂತಿದೆ ಎಂದುಕೊಂಡಿದ್ದರು. ಬುದ್ಧ ಕೂತಿದ್ದ ಮರದ ಕೊಂಬೆಯೊಂದನ್ನು ರಾಜನ ಮಗಳು ಹಡಗಿನಲ್ಲಿ ಲಂಕೆಗೆ ಒಯ್ದಳು. ಆ ಕೊಂಬೆ ಇವತ್ತಿಗೂ ಮರವಾಗಿ ನಿಂತಿದೆ, ಜನ ಹಾಲು ಹೊಯ್ಯುತ್ತಾರೆ. ತಿಲಕ್ ನಗರದಿಂದ ಸ್ಕೂಲಿಗೆ ಬರುತ್ತಿದ್ದ ಉರ್ದು ಟೀಚರ್ ಹೇಳಿದ್ದರಂತೆ, ಏಳನೆಯ ಸ್ವರ್ಗದ ಅಂಚಿನಲ್ಲಿ ಒಂದು ಎಲಚಿಮರ ಇದೆ, ಅದರಿಂದಾಚೆಗೆ ದೇವದೂತರೂ ಕಾಲಿಡುವಂತಿಲ್ಲವೆಂದು.

"ಎಲ್ರೂ ಮರದ ಹತ್ರನೇ ಯಾಕೆ ಕೇಳ್ತಾರೆ? ಕೇಳಿದ್ದು ಕೊಡತ್ತಾ ಅದು?"

"ಕೊಟ್ಟಿದ್ದು ನಾನು ನೋಡಿಲ್ಲ ಪುಟ್ಟಾ" ಎಂದಳು ಅತ್ತೆ. "ಆದ್ರೆ ಎದ್ದು ಹೋಗಲ್ಲ."

*

ಹಾಲ್‌ನಲ್ಲಿ ಮಾತು ಬೆಳೆಯುತ್ತಿದ್ದಾಗಲೇ ಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತಿದ್ದ. ಕೈಯಲ್ಲಿ ಊರುಗೋಲು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಯಾರೋ ಹಳೆಯ ಸಹೋದ್ಯೋಗಿಯಿರಬೇಕೆಂದು ಧೃತಿ ಕುರ್ಚಿ ತಂದುಕೊಟ್ಟಳು. ಅವನು ಕೂರಲಿಲ್ಲ. ಚಕ್ರಪಾಣಿ ತಲೆಯೆತ್ತಿ ನೋಡಿದವನು ಹಾಗೇ ನೋಡುತ್ತ ಉಳಿದ.

"ಸೋಮನಾಥ್ ಅಲ್ವಾ?"

"ಹೌದು. ಗಿರಿನಗರದಲ್ಲಿದ್ದೀನಿ. ಪಾರ್ಕಿನಲ್ಲಿ ಯಾರೋ ಹೇಳಿದ್ರು, ಟೀಚರ್ ಹೋಗ್ಬಿಟ್ರು ಅಂತ."

ಹೆಸರು ಕೇಳಿದ ಹಿರಿಯರಿಗೆಲ್ಲ ಅರ್ಥವಾಯಿತು. ಸೋಮನಾಥ್ ಒಳಗೆ ಬಂದು ಕಮಲಾದೇವಿಯ ಮುಖ ನೋಡಿದ. ಆಮೇಲೆ ಮುನಿವೆಂಕಟಮ್ಮನ ಮಡಿಲಲ್ಲಿದ್ದ ಬಳೆಗಳನ್ನು ನೋಡಿದ. ಇವರು ಯಾಕೆ ವಾದ ಮಾಡುತ್ತಿದ್ದಾರೆಂದು ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡಿದ್ದ.

"ನಾನು ಹೇಳಬಹುದೋ ಇಲ್ವೋ ಗೊತ್ತಿಲ್ಲ" ಎಂದ, ಚಕ್ರಪಾಣಿಯ ಕಡೆ ತಿರುಗಿ. "ನನ್ನ ಹೆಂಡತಿ ತೀರಿಕೊಂಡ ಮೇಲೆ, ಅದೂ ಈಗ ಬಹಳ ವರ್ಷ ಆಯ್ತು, ಇವರನ್ನ ಹೋಗಿ ಕೇಳಿದೆ. ಈಗಲಾದ್ರೂ ಮದುವೆ ಆಗೋಣ್ವಾ ಅಂತ. ನನಗೆ ಮದುವೆ ಆಗಿದೆ, ದಾರ ಬಿಚ್ಚಿಲ್ಲ ಅಂದ್ರು. ತಮಾಷೆಗೆ ಅಂದಿದ್ದಲ್ಲ." ಉಸಿರು ತೆಗೆದುಕೊಂಡ. "ಬಳೆ ಹಾಕಿ. ಇದು ಮದುವೆ ಅಲ್ಲ ಅನ್ನೋ ಹಾಗಿದ್ರೆ ನಾನು ಅನ್ನಬೇಕಿತ್ತು. ನಾನೇ ಅಂತಿಲ್ಲ."

ವಿಮಲಾ ಕಮಲಾದೇವಿಯ ಕತ್ತಿನ ಮೇಲಿದ್ದ ಸೆರಗನ್ನು ಮೆಲ್ಲಗೆ ಕೆಳಗೆ ಸರಿಸಿದಳು. ಕುಪ್ಪಸದ ಅಂಚಿನಲ್ಲಿ ಅರಿಶಿನದ ದಾರ ಕಂಡಿತು. ಸವೆದ ಹಳೆಯ ದಾರವಲ್ಲ, ಹೊಸದೇ.

"ಬೆಳಿಗ್ಗೆ ನೀರು ಹಾಕುವಾಗ ನೋಡಿದೆ" ಎಂದಳು. "ಇಷ್ಟು ವರ್ಷ ಒಂದೇ ಮನೇಲಿದ್ದೀವಿ, ನನಗೆ ಗೊತ್ತೇ ಇರಲಿಲ್ಲ. ಬಿಚ್ಚೋಕೆ ಅಂತ ಕೈ ಇಟ್ಟೆ. ಆಗ್ಲಿಲ್ಲ ನನ್ನ ಕೈಲಿ."

"ಸವೆದಾಗೆಲ್ಲ ಕಟ್ಟಿಸ್ಕೊಂಡು ಹೋಗೋರು" ಎಂದಳು ಮುನಿವೆಂಕಟಮ್ಮ. "ಯುಗಾದಿಗೆ ಹೊಸದು ಕೇಳಿದ್ರು ಈ ಸಲ."

ವಸಿಷ್ಠ ದರ್ಭೆ ಕೆಳಗಿಟ್ಟು, ಗೋತ್ರ ತಿಳಿಯದವರಿಗೆ ಕಾಶ್ಯಪಗೋತ್ರ ಹೇಳುವ ರೂಢಿ ಇದೆ ಎಂದ. ಕಶ್ಯಪರ ಹೆಂಡತಿಯರಲ್ಲೊಬ್ಬಳು ಮರಬಳ್ಳಿಗಳ ತಾಯಿ ಎಂದು ಪುರಾಣದಲ್ಲೂ ಬರುತ್ತದಂತೆ. "ಅದನ್ನೇ ಹೇಳ್ತೀನಿ ಸಾರ್, ನೀವು ಒಪ್ಪೋದಾದ್ರೆ." ಚಕ್ರಪಾಣಿ ಆಗಲಿ ಎಂದು ತಲೆಯಾಡಿಸಿದ.

ಬಳೆ ಸುಲಭವಾಗಿ ಏರಲಿಲ್ಲ. ಬೆರಳುಗಳು ಆಗಲೇ ಬಿಗಿದಿದ್ದವು. ಮುನಿವೆಂಕಟಮ್ಮ ಒತ್ತಲು ಹೆದರಿದಳು. ವಿಮಲಾ ಒಳಗಿನಿಂದ ಕೊಬ್ಬರಿ ಎಣ್ಣೆ ತರಿಸಿ, ಅಂಗೈಗೆ ಹಾಕಿಕೊಂಡು, ಒಂದೊಂದೇ ಬೆರಳನ್ನು ನೀವಿ ಸಡಿಲಿಸಿದಳು. ಮಗುವಿನ ಕೈಗೆ ಏರಿಸುವ ಹಾಗೆ ಒಂದು ಬಳೆ, ಮತ್ತೊಂದು. ಎರಡೂ ಕೈ ತುಂಬಿದ ಮೇಲೆ ಕುಂಕುಮದ ಬಟ್ಟಲು ತೆಗೆದುಕೊಂಡು ಹಣೆಗೆ ಇಟ್ಟಳು. ಬೈತಲೆಗೂ ಇಟ್ಟಳು. ಆಮೇಲೆ ಬಟ್ಟಲನ್ನು ಕೆಳಗಿಡಲು ಮರೆತು ಹಿಡಿದೇ ಕೂತಳು.

*

ಸೋಮನಾಥ್ ಕೇಳಲು ಹೋದ ದಿನ ಕಮಲಾದೇವಿ ಕಟ್ಟೆಯ ಮೇಲೇ ಇದ್ದಳು. ಅವನ ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ದೂರದಿಂದಲೇ ಗುರುತು ಹಿಡಿದಳು. ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಅವನು ಬಹಳ ಹೊತ್ತು ಬೇರೇನೋ ಮಾತಾಡಿ, ಕೊನೆಗೆ ಕೇಳಿದ. ಅವಳು ಹೇಳಿದ್ದನ್ನು ಅವನು ಹಾಲ್‌ನಲ್ಲಿ ಎಲ್ಲರೆದುರು ಹೇಳಿದ. ಆದರೆ ಪೂರ್ತಿ ಹೇಳಲಿಲ್ಲ.

"ತಾಯಿಯ ವರ್ಷದ ಕಾರ್ಯ ಮುಗಿದ ಮೇಲೆ ಬರ್ತೀರ ಅಂದ್ಕೊಂಡಿದ್ದೆ" ಎಂದಿದ್ದಳು. "ಭಾನುವಾರ ಬಂತಂದ್ರೆ ಜಗಲಿ ಗುಡಿಸಿ ಇಡ್ತಿದ್ದೆ."

"ಅಪ್ಪನ ಮಾತು ಮೀರೋಕೆ ಆಗ್ಲಿಲ್ಲ."

"ಗೊತ್ತು. ನಿಮ್ಮ ಮದುವೆ ಸುದ್ದಿ ಬಂದ ದಿನ ಅಪ್ಪ ನನ್ನ ಕರೆದು, ನಿನಗೂ ಬೇರೆ ಕಡೆ ನೋಡ್ತೀನಿ, ದಾರ ಬಿಚ್ಚಿಸಿಬಿಡೋಣ ಅಂದ್ರು. ನಾಳೆ ಅಂದೆ. ಆಮೇಲೂ ನಾಳೆ ಅಂದೆ. ಅದು ನಿಮ್ಮ ಜೊತೆ ಮದುವೆ ಆಗೋಕೆ ಅಂತ ಕಟ್ಟಿಸ್ಕೊಂಡಿದ್ದಲ್ವಾ. ಬಿಚ್ಚಿದ್ರೆ ಅದೂ ಹೋಗ್ಬಿಡತ್ತೆ ಅನ್ನಿಸ್ತು."

ಅವನು ತಲೆ ತಗ್ಗಿಸಿದ. ಆ ಕಾಲದಲ್ಲೂ ಹೀಗೇ ತಗ್ಗಿಸಿದ್ದ.

"ಬರಬೇಡಿ ಅನ್ನಲ್ಲ" ಎಂದಿದ್ದಳು ಕಮಲಾದೇವಿ. "ಬನ್ನಿ, ಕೂತ್ಕೊಳ್ಳಿ. ಇನ್ನೊಂದು ಸಲ ಕೇಳಬೇಡಿ. ಹೂಂ ಅಂದ್ಬಿಡ್ತೀನೇನೋ ಅಂತ ಭಯ ಆಗತ್ತೆ."

ಅವನು ಅದಾದ ಮೇಲೂ ಬರುತ್ತಿದ್ದ. ಕಟ್ಟೆಯ ಆ ಬದಿಯಲ್ಲಿ ಅವನು, ಈ ಬದಿಯಲ್ಲಿ ಅವಳು. ಯಾವ ದೇಶದಿಂದ ಯಾವ ಎಲೆ ಬಂತೆಂದು ಹೇಳುತ್ತಿದ್ದಳು. ಅವನು ಕೇಳುತ್ತಿದ್ದ. ಮಂಡಿನೋವು ಹೆಚ್ಚಾದ ಮೇಲೆ ಬರುವುದು ಕಡಿಮೆಯಾಯಿತು. ಈ ವರ್ಷ ಯುಗಾದಿಯಾದ ಮೇಲೆ ಬಂದೇ ಇರಲಿಲ್ಲ.

*

ಬನಶಂಕರಿಯ ಚಿತಾಗಾರದಲ್ಲಿ ಎಲ್ಲ ಬೇಗ ಮುಗಿಯಿತು. ಕಾಶ್ಯಪಗೋತ್ರದ ಕಮಲಾದೇವಿ ಎಂದು ವಸಿಷ್ಠ ಹೇಳಿದ್ದನ್ನು ಚಕ್ರಪಾಣಿ ಒಡೆದ ದನಿಯಲ್ಲಿ ಅನುಸರಿಸಿದ. ಬಾಗಿಲು ಮುಚ್ಚಿತು. ಹೊರಗೆ ಬಂದ ಮೇಲೆ ನೆಂಟರೆಲ್ಲ ಸ್ನಾನದ ಮಾತಾಡುತ್ತ ಕಾರುಗಳ ಕಡೆ ನಡೆದರು. ಸೋಮನಾಥ್ ವಸಿಷ್ಠನ ಹತ್ತಿರ ಹೋಗಿ, ನಾನೇನು ಮಾಡಬೇಕು ಎಂದು ಕೇಳಿದ. ನೀವು ಸಂಬಂಧದಲ್ಲಿ ಯಾರೂ ಅಲ್ಲವಲ್ಲ ಸಾರ್, ನಿಮಗೆ ಸೂತಕವಿಲ್ಲ, ಮನೆಗೆ ಹೋಗಿ ಸ್ನಾನ ಮಾಡಿಬಿಟ್ಟರೆ ಆಯಿತು ಎಂದು ವಸಿಷ್ಠ ಗೌರವದಿಂದಲೇ ಹೇಳಿದ.

ಧೃತಿ ತನ್ನ ಕಾರಿನಲ್ಲಿ ಅವನನ್ನು ಗಿರಿನಗರಕ್ಕೆ ಬಿಡುತ್ತೇನೆಂದಳು. ಕಾರು ಹತ್ತಿದ ಮೇಲೆ ಅವನು, ಒಂದೈದು ನಿಮಿಷ ಯಡಿಯೂರಿಗೆ ಹೋಗಬಹುದೇ ಎಂದ. ಅವಳು ಆ ಕಡೆ ತಿರುಗಿಸಿದಳು.

ಓಣಿಯಲ್ಲಿ ಸಾಲಾಗಿ ನಿಂತ ಸ್ಕೂಟರುಗಳ ನಡುವೆ ಕಟ್ಟೆ. ಮರ ಹಳೆಯ ಎಲೆಗಳನ್ನೆಲ್ಲ ಉದುರಿಸಿ ತಾಮ್ರದ ಬಣ್ಣದ ಚಿಗುರು ತುಂಬಿಕೊಂಡಿತ್ತು. ಮುನಿವೆಂಕಟಮ್ಮ ಮೊದಲೇ ಆಟೋದಲ್ಲಿ ಬಂದು ತಲೆಗೆ ಸ್ನಾನ ಮಾಡಿದ್ದಳು. ಒದ್ದೆ ಕೂದಲನ್ನು ಗಂಟು ಹಾಕಿಕೊಂಡು, ಮನೆಯ ನಲ್ಲಿಯಿಂದ ಬಕೀಟು ತುಂಬಿಸಿ, ಅದಕ್ಕೊಂದು ಚೊಂಬು ಹಾಕಿ, ಎರಡೂ ಕೈಯಲ್ಲಿ ಹಿಡಿದು, ನಿಂತು ನಿಂತು ರಸ್ತೆ ದಾಟುತ್ತಿದ್ದಳು. ಧೃತಿ ಓಡಿಹೋಗಿ ಬಕೀಟು ಇಸಿದುಕೊಂಡಳು.

"ಎಲ್ಲಿಗಮ್ಮ ಇದು?"

"ಇವ್ನಿಗೆ" ಎಂದಳು ಮುದುಕಿ, ಮರದ ಕಡೆ ಗದ್ದ ಎತ್ತಿ. "ಹೆಂಡ್ತಿ ಹೋದ್ಮೇಲೆ ಗಂಡಂಗೆ ತಲೆಗೆ ನೀರು ಹಾಕ್ಬೇಕಲ್ವಾ. ಇವ್ನಿಗೆ ಇನ್ಯಾರವ್ರೆ ಹಾಕೋರು."

ಧೃತಿ ಕಟ್ಟೆ ಹತ್ತಿದಳು. ಚೊಂಬಿನಲ್ಲಿ ನೀರು ಮೊಗೆದು ಕೈ ಎಟುಕುವಷ್ಟು ಎತ್ತರಕ್ಕೆ ಕಾಂಡದ ಮೇಲೆ ಹೊಯ್ದಳು. ಮತ್ತೆ ಮೊಗೆದು, ತುದಿಗಾಲಲ್ಲಿ ನಿಂತು, ಇನ್ನೂ ಎತ್ತರಕ್ಕೆ ಹೊಯ್ದಳು. ನೀರು ತೊಗಟೆಯ ಬಿರುಕುಗಳಲ್ಲಿ ಇಳಿದು, ಬೇರುಗಳ ಸಂದಿನಲ್ಲಿ ತಿರುಗಿ, ಕಲ್ಲಿನ ಮೇಲೆ ಹರಡಿ, ಕೆಳಗಿನ ಮೆಟ್ಟಿಲಿಗೆ ಬಂತು. ಅಲ್ಲಿ ಸೋಮನಾಥ್ ಊರುಗೋಲನ್ನು ಪಕ್ಕಕ್ಕಿಟ್ಟು ಕೂತಿದ್ದ.

"ಅಂಕಲ್, ಒದ್ದೆ ಆಗ್ತೀರ" ಎಂದಳು ಧೃತಿ.

ಅವನು ಸರಿಯಲಿಲ್ಲ. ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡ. ಹರಿದು ಬರುತ್ತಿದ್ದ ನೀರಿಗೆ ಎರಡೂ ಅಂಗೈಗಳನ್ನು ಒಡ್ಡಿ, ತುಂಬಿದಷ್ಟನ್ನು ಎತ್ತಿ, ಬೆಳ್ಳಗಿನ ತಲೆಯ ಮೇಲೆ ಸುರಿದುಕೊಂಡ.